ಆನ್‌ಲೈನ್ ಕಲಿಕೆಗೆ ಸಿದ್ಧತೆ: ಚಾಮರಾಜನಗರ ಮತ್ತು ಗುಂಡ್ಲುಪೇಟೆಯ ಕಾಲೇಜು ವಿದ್ಯಾರ್ಥಿಗಳು

ಫೋನು ಅಥವಾ ಕಂಪ್ಯೂಟರಿನ ಪರದೆಯ ಮೂಲಕ ಬರುವ ಪಾಠವನ್ನು ಕೇಳಿ, ಅರ್ಥಮಾಡಿಕೊಂಡು, ಮೇಷ್ಟ್ರು ಎದುರಿಗಿಲ್ಲದೆಯೂ ಮುಂದುವರಿಸಲು ವಿದ್ಯಾರ್ಥಿಗೆ ಬೇಕಾದ ಅನುಕೂಲ, ಕೌಶಲ ಮತ್ತು ಮನಸ್ಸು ಇವೆಲ್ಲ ಸೇರಿದ್ದೇ ಆನ್‌ಲೈನ್ ಕಲಿಕೆಯ ಸಿದ್ಧತೆ. ಶಿಕ್ಷಣ ಸಂಶೋಧನೆಯಲ್ಲಿ ಈ ಪರಿಕಲ್ಪನೆ 1998ರಷ್ಟು ಹಳೆಯದು. ಆ ವರ್ಷ ಆಸ್ಟ್ರೇಲಿಯದ ವಾರ್ನರ್, ಕ್ರಿಸ್ಟಿ ಮತ್ತು ಚಾಯ್ ಎಂಬ ಸಂಶೋಧಕರು ವೃತ್ತಿಶಿಕ್ಷಣದ ವಿದ್ಯಾರ್ಥಿಗಳ ಬಗ್ಗೆ ಬರೆಯುತ್ತ ಮೂರು ಅಂಶಗಳನ್ನು ಹೆಸರಿಸಿದರು: ಎದುರುಬದುರು ಪಾಠಕ್ಕಿಂತ ಈ ಬಗೆಯ ಪಾಠವನ್ನು ಇಷ್ಟಪಡುವುದು, ಎಲೆಕ್ಟ್ರಾನಿಕ್ ಸಂಪರ್ಕ ಬಳಸುವ ಧೈರ್ಯ, ತಾನಾಗಿ ಓದಿಕೊಳ್ಳುವ ಶಕ್ತಿ. 2010ರಲ್ಲಿ ತೈವಾನಿನ ಹಂಗ್ ಮತ್ತು ಸಂಗಡಿಗರು ಸಾವಿರಕ್ಕೂ ಹೆಚ್ಚು ಕಾಲೇಜು ವಿದ್ಯಾರ್ಥಿಗಳನ್ನು ಪ್ರಶ್ನಿಸಿ ಇದನ್ನು ಐದು ಆಯಾಮಗಳ ಅಳತೆಗೋಲಾಗಿ ಬೆಳೆಸಿದರು. ಕಂಪ್ಯೂಟರ್ ಬಳಕೆಯಲ್ಲಿ ಆತ್ಮವಿಶ್ವಾಸವಿದ್ದ ಆ ಹುಡುಗ ಹುಡುಗಿಯರು ಸ್ವಂತ ಶಿಸ್ತಿನಿಂದ ಓದುವುದರಲ್ಲೂ ಗಮನ ಚದುರದಂತೆ ನೋಡಿಕೊಳ್ಳುವುದರಲ್ಲೂ ಹಿಂದುಳಿದಿದ್ದರು. ಮೇಲಿನ ತರಗತಿಯವರು ಕೆಳಗಿನವರಿಗಿಂತ ಹೆಚ್ಚು ಸಿದ್ಧರಾಗಿದ್ದರು.

ಇಂಥ ಅಳತೆಗೋಲುಗಳ ಪ್ರಶ್ನೆಗಳೆಲ್ಲ ವಿದ್ಯಾರ್ಥಿಯ ಒಳಗನ್ನು ಕೇಳುತ್ತವೆ: ನಿನಗೆ ಆಗುತ್ತದೆಯೇ, ನಿನಗೆ ಧೈರ್ಯವಿದೆಯೇ, ನಿನಗೆ ಇಷ್ಟವೇ? ಚಾಮರಾಜನಗರ ಜಿಲ್ಲೆಯಲ್ಲಿ ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಗಳಿವೆ. ಮನೆಯಲ್ಲಿ ಎಷ್ಟು ಫೋನು? ಹಗಲಿನಲ್ಲಿ ಅದು ಯಾರ ಕೈಯಲ್ಲಿರುತ್ತದೆ? ನೆಟ್‌ವರ್ಕ್ ಸಿಗುವ ಜಾಗ ಮನೆಯೊಳಗಿದೆಯೋ ಊರಾಚೆಯ ದಿಬ್ಬದ ಮೇಲಿದೆಯೋ? ಈ ಉತ್ತರಗಳನ್ನು ಬದಿಗಿಟ್ಟು ವಿದ್ಯಾರ್ಥಿಯ ಮನೋಭಾವವನ್ನಷ್ಟೇ ಅಳೆಯಲು ಹೊರಟರೆ ಬಡತನವೇ ನಿರಾಸಕ್ತಿಯ ಹೆಸರಿನಲ್ಲಿ ದಾಖಲಾಗುತ್ತದೆ.

ಕಾಡಿನ ಅಂಚಿನ ಕಾಲೇಜುಗಳು

ಚಾಮರಾಜನಗರ 1997ರಲ್ಲಿ ಮೈಸೂರಿನಿಂದ ಬೇರೆಯಾಗಿ ಜಿಲ್ಲೆಯಾಯಿತು. 2011ರ ಜನಗಣತಿಯಂತೆ ಜನಸಂಖ್ಯೆ 10.2 ಲಕ್ಷ, ಪಟ್ಟಣವಾಸಿಗಳು ಆರರಲ್ಲೊಂದು ಪಾಲು. ಸಾಕ್ಷರತೆ ಶೇಕಡ 61.4, ಅದೇ ವರ್ಷ ರಾಜ್ಯದ ಸರಾಸರಿ 75.4. ನಾಲ್ಕರಲ್ಲೊಬ್ಬರು ಪರಿಶಿಷ್ಟ ಜಾತಿಯವರು; ಸೋಲಿಗರು, ಜೇನುಕುರುಬರು ಮುಂತಾದವರು ಸೇರಿ ಪರಿಶಿಷ್ಟ ಪಂಗಡದವರು ಶೇಕಡ 12ರ ಹತ್ತಿರ. ಹೆಚ್ಚುಕಡಿಮೆ ಅರ್ಧ ನೆಲ ಕಾಡು. ಬಂಡೀಪುರ, ಬಿಳಿಗಿರಿರಂಗನ ಬೆಟ್ಟ ಎಂಬ ಎರಡು ಹುಲಿ ಸಂರಕ್ಷಿತ ಪ್ರದೇಶಗಳೂ ಮಲೆಮಹದೇಶ್ವರ ವನ್ಯಧಾಮವೂ ಇಲ್ಲಿವೆ.

ಗುಂಡ್ಲುಪೇಟೆ ಮೂರು ರಾಜ್ಯಗಳು ಕೂಡುವ ತಾಲ್ಲೂಕು. ಒಂದು ಹೆದ್ದಾರಿ ಬಂಡೀಪುರದ ಮೂಲಕ ಊಟಿಗೆ ಏರುತ್ತದೆ, ಇನ್ನೊಂದು ವಯನಾಡಿನ ಕಡೆಗೆ ಇಳಿಯುತ್ತದೆ. ವಿಧಾನಸಭೆಯ ಮೊದಲ ಮಹಿಳಾ ಸಭಾಧ್ಯಕ್ಷೆಯಾಗಿದ್ದ ಕೆ.ಎಸ್. ನಾಗರತ್ನಮ್ಮ ಇಲ್ಲಿಂದ ಆರಿಸಿ ಹೋದವರು. ಮಳೆ ಹಿಡಿದರೆ ಹೊಲಗಳಲ್ಲಿ ಚೆಂಡುಹೂವು, ಸೂರ್ಯಕಾಂತಿ. ಉಳಿದಂತೆ ಅರಿಶಿನ, ಸಣ್ಣ ಈರುಳ್ಳಿ, ಬಾಳೆ, ಟೊಮೆಟೊ. ಪಟ್ಟಣದ ಪದವಿ ಕಾಲೇಜಿಗೆ ಹಂಗಳ, ತೆರಕಣಾಂಬಿ, ಬೇಗೂರು ಕಡೆಯ ಹಳ್ಳಿಗಳಿಂದ ಮಕ್ಕಳು ಬಸ್ಸಿನಲ್ಲಿ ಬರುತ್ತಾರೆ. ಅವರಲ್ಲಿ ಬಹಳ ಮಂದಿ ಮನೆತನದಲ್ಲೇ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗರು. ಚಾಮರಾಜನಗರದಲ್ಲಿ ಸರ್ಕಾರಿ ಪದವಿ ಕಾಲೇಜುಗಳಲ್ಲದೆ ಎಂಜಿನಿಯರಿಂಗ್ ಕಾಲೇಜು, ವೈದ್ಯಕೀಯ ಕಾಲೇಜು ಇವೆ. ಮೈಸೂರು ವಿಶ್ವವಿದ್ಯಾನಿಲಯದ ಡಾ. ಬಿ.ಆರ್. ಅಂಬೇಡ್ಕರ್ ಸ್ನಾತಕೋತ್ತರ ಕೇಂದ್ರವಿದ್ದ ಜಾಗದಲ್ಲಿ 2023ರ ಮಾರ್ಚ್‌ನಲ್ಲಿ ಚಾಮರಾಜನಗರ ವಿಶ್ವವಿದ್ಯಾಲಯ ಉದ್ಘಾಟನೆಯಾಯಿತು.

ಉಪಗ್ರಹದ ಪಾಠ ಕೇಳಿದ ಮಕ್ಕಳು

ದೂರದಿಂದ ಬರುವ ಪಾಠ ಈ ಜಿಲ್ಲೆಗೆ ಹೊಸದಾಗಿರಲಿಲ್ಲ. ಮೈಸೂರು ವಿಶ್ವವಿದ್ಯಾನಿಲಯ 1969ರಲ್ಲೇ ಅಂಚೆ ತೆರಪಿನ ಶಿಕ್ಷಣ ಆರಂಭಿಸಿತ್ತು. ಅದೇ ಬೆಳೆದು 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ಚಾಮರಾಜನಗರದಲ್ಲೂ ಅದರ ಪ್ರಾದೇಶಿಕ ಕೇಂದ್ರವಿದೆ. ಕೆಲಸಕ್ಕೆ ಸೇರಿಕೊಂಡವರು, ಮದುವೆಯಾಗಿ ಓದು ನಿಲ್ಲಿಸಿದ ಹೆಣ್ಣುಮಕ್ಕಳು ಪುಸ್ತಕದ ಕಟ್ಟು ತರಿಸಿಕೊಂಡು ಪದವಿ ಮುಗಿಸಿದ ದಾರಿ ಅದು.

ಇನ್ನೂ ಗಮನಿಸಬೇಕಾದದ್ದು ಎಜುಸ್ಯಾಟ್. ಶಿಕ್ಷಣಕ್ಕಾಗಿಯೇ ಇಸ್ರೊ ರೂಪಿಸಿದ ಈ ಉಪಗ್ರಹ 2004ರ ಸೆಪ್ಟೆಂಬರ್ 20ರಂದು ಶ್ರೀಹರಿಕೋಟದಿಂದ ಹಾರಿತು. ಪ್ರಾಥಮಿಕ ಶಾಲೆಗಳಲ್ಲಿ ಅದರ ಪ್ರಯೋಗಕ್ಕೆ ಆಯ್ದುಕೊಂಡ ಜಿಲ್ಲೆ ಚಾಮರಾಜನಗರ. ಎಂಟುನೂರಕ್ಕೂ ಹೆಚ್ಚು ಸರ್ಕಾರಿ ಶಾಲೆಗಳಿಗೆ ಡಿಶ್ ಮತ್ತು ಟಿ.ವಿ. ಬಂದವು; ಸಿದ್ಧಪಡಿಸಿದ ಕನ್ನಡ ಪಾಠಗಳು ಆಕಾಶದಿಂದ ಇಳಿದವು. ಉಪಗ್ರಹ 2010ರಲ್ಲಿ ಸೇವೆ ಮುಗಿಸಿತು. 2006ರಲ್ಲಿ ಒಂದನೇ ತರಗತಿಗೆ ಸೇರಿ ಎಲ್ಲೂ ನಿಲ್ಲದೆ ಓದಿದ ಮಗು 2020ರಲ್ಲಿ ಪದವಿಯ ಕೊನೆಯ ವರ್ಷದಲ್ಲಿರುತ್ತದೆ. ಅಂದರೆ ಗೂಗಲ್ ಮೀಟ್ ಲಿಂಕ್ ಮೊದಲ ಬಾರಿಗೆ ಒತ್ತಿದ ಈ ಜಿಲ್ಲೆಯ ಪದವಿ ವಿದ್ಯಾರ್ಥಿಗಳು ಪರದೆಯ ಪಾಠವನ್ನು ಬಾಲ್ಯದಲ್ಲಿ ನೋಡಿಯೇ ಬಂದ ಪೀಳಿಗೆ. ಆದರೆ ಎರಡಕ್ಕೂ ಬಹಳ ಅಂತರವಿತ್ತು. ಎಜುಸ್ಯಾಟ್ ಪಾಠವನ್ನು ಶಾಲೆಯೊಳಗೆ, ಗೆಳೆಯರ ಜೊತೆ ಕೂತು, ಮೇಷ್ಟ್ರು ನಡುನಡುವೆ ವಿವರಿಸುತ್ತಿದ್ದಾಗ ಕೇಳುತ್ತಿದ್ದರು. ಉಪಕರಣ, ಕರೆಂಟು, ಜಾಗ ಎಲ್ಲವೂ ಶಾಲೆಯ ಹೊಣೆ. 2020ರಲ್ಲಿ ಅದೆಲ್ಲ ವಿದ್ಯಾರ್ಥಿಯ ಮನೆಯ ಹೊಣೆಯಾಯಿತು.

2020 ಮತ್ತು 2021

2020ರ ಮಾರ್ಚ್ 25ರಿಂದ ದೇಶಕ್ಕೆ ಬೀಗ ಬಿತ್ತು. ಕರ್ನಾಟಕದಲ್ಲಿ ಕೊನೆಯವರೆಗೂ ಕೋವಿಡ್ ಕಾಣದೆ ಉಳಿದ ಜಿಲ್ಲೆ ಚಾಮರಾಜನಗರವೇ. ಮೊದಲ ಪ್ರಕರಣ ದಾಖಲಾದದ್ದು ಜೂನ್ ತಿಂಗಳಲ್ಲಿ. ಸೋಂಕಿಲ್ಲದಿದ್ದರೂ ಕಾಲೇಜಿನ ಬಾಗಿಲು ತೆರೆಯಲಿಲ್ಲ, ಬಸ್ಸು ಓಡಲಿಲ್ಲ. ಮೊದಮೊದಲು ಪಾಠ ನಡೆದದ್ದು ವಾಟ್ಸ್ಆ್ಯಪ್ ಗ್ರೂಪುಗಳಲ್ಲಿ: ಉಪನ್ಯಾಸಕರು ನೋಟ್ಸಿನ ಪುಟಗಳನ್ನು ಫೋಟೊ ತೆಗೆದು ಹಾಕುವರು, ಧ್ವನಿ ಮುದ್ರಿಸಿ ಕಳಿಸುವರು. ಸೆಪ್ಟೆಂಬರ್‌ನಿಂದ ರಾಜ್ಯದ ಪದವಿ ಕಾಲೇಜುಗಳು ಆನ್‌ಲೈನ್ ತರಗತಿಗಳನ್ನು ಅಧಿಕೃತವಾಗಿ ಆರಂಭಿಸಿದವು. ನವೆಂಬರ್ 17ರಂದು ಅಂತಿಮ ವರ್ಷದವರಿಗೆ, ಮುಂದಿನ ಜನವರಿಯಲ್ಲಿ ಉಳಿದವರಿಗೆ ಕಾಲೇಜು ತೆರೆಯಿತು. 2021ರ ಏಪ್ರಿಲ್ ಕೊನೆಯಲ್ಲಿ ಎರಡನೇ ಅಲೆ ಮತ್ತೆ ಎಲ್ಲವನ್ನೂ ಮುಚ್ಚಿಸಿತು. ಜುಲೈ ಕೊನೆಗೆ ಮತ್ತೆ ತೆರೆದವು.

ಅಮೆರಿಕದ ಚಾರ್ಲ್ಸ್ ಹಾಜಸ್ ಮತ್ತು ಸಂಗಡಿಗರು 2020ರ ಮಾರ್ಚ್‌ನಲ್ಲೇ ಒಂದು ಎಚ್ಚರಿಕೆ ಕೊಟ್ಟಿದ್ದರು. ಯೋಚಿಸಿ, ಯೋಜಿಸಿ ಕಟ್ಟಿದ ಆನ್‌ಲೈನ್ ಶಿಕ್ಷಣ ಬೇರೆ. ವಿಪತ್ತಿನಲ್ಲಿ ರಾತ್ರೋರಾತ್ರಿ ಪಾಠವನ್ನು ಪರದೆಗೆ ದಾಟಿಸುವ ತುರ್ತು ಬೋಧನೆ ಬೇರೆ. ಎರಡನೆಯದನ್ನು ನೋಡಿ ಮೊದಲನೆಯದರ ಬೆಲೆ ಕಟ್ಟಬಾರದು. ಚಾಮರಾಜನಗರದ ವಿದ್ಯಾರ್ಥಿಗಳು ಕಂಡದ್ದು ಈ ತುರ್ತು ಬೋಧನೆಯನ್ನು. ಅವರಲ್ಲಿ ಆನ್‌ಲೈನ್ ತರಗತಿ ಎಂಬ ಮಾತಿಗೆ ಬೇಸರ ಅಂಟಿಕೊಂಡಿದ್ದರೆ ಕಾರಣವನ್ನು ಹುಡುಕಬೇಕಾದದ್ದು ಆ ತಿಂಗಳುಗಳಲ್ಲಿ.

2021ರ ಮೇ 2ರ ಹಗಲಿನಿಂದ 3ರ ಬೆಳಗಿನವರೆಗೆ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಕ್ಸಿಜನ್ ಕೊರತೆಯ ನಡುವೆ 24 ರೋಗಿಗಳು ತೀರಿಕೊಂಡರೆಂದು ಆಗ ವರದಿಯಾಯಿತು. ಆ ವಾರಗಳಲ್ಲಿ ಜಿಲ್ಲೆಯ ಮನೆಗಳಲ್ಲಿ ಭಯವಿತ್ತು, ಹಲವು ಕಡೆ ಸಾವಿತ್ತು, ಕೂಲಿ ನಿಂತಿತ್ತು. ಆಗ ತರಗತಿಯ ಲಿಂಕ್ ತೆರೆಯದ ವಿದ್ಯಾರ್ಥಿಯ ಗೈರುಹಾಜರಿಯನ್ನು ಸಿದ್ಧತೆಯ ಕೊರತೆಯೆಂದು ಓದುವುದು ಅನ್ಯಾಯ.

ಫೋನು ಯಾರದು?

ರಾಷ್ಟ್ರೀಯ ಮಾದರಿ ಸಮೀಕ್ಷೆಯ 75ನೇ ಸುತ್ತು, ಅಂದರೆ 2017–18ರ ಅಂಕಿಅಂಶ, ಸೋಂಕಿಗೆ ಮುಂಚಿನ ಚಿತ್ರ ಕೊಡುತ್ತದೆ. ಗ್ರಾಮೀಣ ಭಾರತದಲ್ಲಿ ಇಂಟರ್ನೆಟ್ ಸೌಲಭ್ಯವಿದ್ದ ಮನೆಗಳು ನೂರಕ್ಕೆ 15, ಕಂಪ್ಯೂಟರ್ ಇದ್ದವು 4. ಐಟಿ ರಾಜಧಾನಿಯಿರುವ ಕರ್ನಾಟಕದ ಹಳ್ಳಿಗಳಲ್ಲಿ ಅದು ಇನ್ನೂ ಕಡಿಮೆ: ಇಂಟರ್ನೆಟ್ ಸುಮಾರು 8, ಕಂಪ್ಯೂಟರ್ ಸುಮಾರು 2. 2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಬಂದ ಮೇಲೆ ಡೇಟಾ ಅಗ್ಗವಾಗಿ ಹಳ್ಳಿಯ ಹುಡುಗರ ಕೈಗೂ ಟಚ್ ಫೋನ್ ಬಂದಿತ್ತು, ನಿಜ. ಆದರೆ ಐದಿಂಚಿನ ಪರದೆಯಲ್ಲಿ ಲೆಕ್ಕಶಾಸ್ತ್ರದ ಖಾತೆಪುಟವನ್ನು ಹಿಗ್ಗಿಸಿ ಹಿಗ್ಗಿಸಿ ನೋಡುವ ಬಿ.ಕಾಂ. ವಿದ್ಯಾರ್ಥಿಗೂ ಲ್ಯಾಪ್‌ಟಾಪ್ ಮುಂದೆ ಕೂತವನಿಗೂ ಕಲಿಕೆ ಒಂದೇ ಅಲ್ಲ. ದಿನಕ್ಕೆ ಒಂದೂವರೆ ಜಿ.ಬಿ. ಪ್ಯಾಕಿನಲ್ಲಿ ಮೂರು ನಾಲ್ಕು ವಿಡಿಯೊ ತರಗತಿ ನಡೆದರೆ ಸಂಜೆಗೆ ಡೇಟಾ ಖಾಲಿ. ಮನೆಯಲ್ಲಿ ಪದವಿಯ ಅಕ್ಕ, ಪಿಯುಸಿಯ ತಮ್ಮ ಇಬ್ಬರೂ ಇದ್ದು ಫೋನ್ ಒಂದೇ ಇದ್ದರೆ ಯಾರ ತರಗತಿ ಮೊದಲು ಎಂಬ ಪ್ರಶ್ನೆ ಬೇರೆ.

ಈ ಪ್ರಶ್ನೆಗೆ ಅನೇಕ ಮನೆಗಳಲ್ಲಿ ಉತ್ತರ ಮೊದಲೇ ತೀರ್ಮಾನವಾಗಿತ್ತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ ಕರ್ನಾಟಕದ ಪುರುಷರಲ್ಲಿ ಶೇಕಡ 60ಕ್ಕೂ ಹೆಚ್ಚು ಮಂದಿ ಇಂಟರ್ನೆಟ್ ಬಳಸಿದ್ದೇವೆ ಎಂದರು. ಮಹಿಳೆಯರಲ್ಲಿ ಹಾಗೆಂದವರು ಶೇಕಡ 35. ಹಳ್ಳಿಯ ಹೆಂಗಸರಲ್ಲಿ ನಾಲ್ಕರಲ್ಲೊಬ್ಬರು ಮಾತ್ರ. ತೈವಾನಿನ ಅಧ್ಯಯನದಲ್ಲಿ ಹುಡುಗ ಹುಡುಗಿಯರ ಸಿದ್ಧತೆಯಲ್ಲಿ ವ್ಯತ್ಯಾಸ ಕಂಡಿರಲಿಲ್ಲ. ಅದನ್ನು ಗುಂಡ್ಲುಪೇಟೆಗೆ ಹಾಗೆಯೇ ತಂದು ಹೊಂದಿಸಲಾಗದು. ಇಲ್ಲಿನ ಹುಡುಗಿಯ ಕೌಶಲವಾಗಲಿ ಆಸೆಯಾಗಲಿ ಕಡಿಮೆಯಿಲ್ಲ. ಕಡಿಮೆಯಿರುವುದು ಅವಳ ಪಾಲಿನ ಸಮಯ ಮತ್ತು ಏಕಾಂತ. ಕಾಲೇಜಿಗೆ ಹೋದರೆ ಬೆಳಿಗ್ಗೆಯಿಂದ ಸಂಜೆವರೆಗೆ ಅವಳು ವಿದ್ಯಾರ್ಥಿನಿ. ಮನೆಯಲ್ಲೇ ಕೂತರೆ ನೀರು ತರುವ, ಅಡುಗೆ ನೋಡುವ, ಹೊಲಕ್ಕೆ ಬುತ್ತಿ ಒಯ್ಯುವ ಮಗಳು. ಫೋನ್ ಹಿಡಿದು ಮೂಲೆಯಲ್ಲಿ ಕೂತರೆ "ಅದರಲ್ಲೇನು ಮಾಡ್ತಿದೀಯವ್ವ?" ಎಂಬ ಮಾತು. ಓದು ನಿಂತಿತೆಂದು ಮನೆಯವರಿಗೆ ಅನ್ನಿಸಿದರೆ ಮದುವೆಯ ಮಾತು ಹತ್ತಿರವಾಗುತ್ತದೆ. ಆದ್ದರಿಂದ ಕಾಲೇಜು ತೆರೆದಾಗ ಹುಡುಗಿಯರು ಪಟ್ಟ ಸಂತೋಷದಲ್ಲಿ ಪಾಠಕ್ಕಿಂತ ದೊಡ್ಡ ಸಂಗತಿಗಳೂ ಇದ್ದವು. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳ ಪ್ರಯಾಣವನ್ನು ಉಚಿತ ಮಾಡಿದ ಮೇಲೆ ಮನೆಯ ಪರದೆಗಿಂತ ಪಟ್ಟಣದ ಕಾಲೇಜು ಇನ್ನಷ್ಟು ಹತ್ತಿರವಾಯಿತು.

ಹುಡುಗರ ಕಥೆ ಬೇರೆ. ಕೈಯಲ್ಲಿ ಫೋನಿದ್ದರೂ ಕಾಲೇಜಿಲ್ಲದ ಹಗಲು ಕೂಲಿಗೆ ಹೊರಟಿತು. ಹೊಲದ ಕೆಲಸ, ಗಾರೆ ಕೆಲಸ, ಟೊಮೆಟೊ ಲೋಡಿಂಗ್ ಹೀಗೆ ಸಂಪಾದನೆಯ ರುಚಿ ಕಂಡವರನ್ನು ಮತ್ತೆ ಬೆಂಚಿಗೆ ತರುವುದು ಉಪನ್ಯಾಸಕರಿಗೆ ಕಷ್ಟದ ಕೆಲಸ.

ಪರದೆಯ ಎದುರಿನ ಮೌನ

ಸಲಕರಣೆ ಸಿಕ್ಕವರಲ್ಲೂ ಒಂದು ಅಡ್ಡಿ ಉಳಿಯುತ್ತದೆ, ಅದು ಭಾಷೆ. ಇಲ್ಲಿನ ಬಹುಪಾಲು ಮಕ್ಕಳು ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದವರು. ಬಿ.ಎ.ಯಲ್ಲಿ ಕನ್ನಡದಲ್ಲೇ ಬರೆಯಬಹುದು, ಬಿ.ಎಸ್ಸಿ., ಬಿ.ಕಾಂ.ಗೆ ಬಂದರೆ ಇಂಗ್ಲಿಷ್ ಪುಸ್ತಕ. ತರಗತಿಯಲ್ಲಿ ಉಪನ್ಯಾಸಕರು ಇಂಗ್ಲಿಷ್ ವಾಕ್ಯ ಓದಿ, ಕನ್ನಡದಲ್ಲಿ ಬಿಡಿಸಿ, ಹಿಂದಿನ ಬೆಂಚಿನ ಮುಖಗಳನ್ನು ನೋಡಿ ಅರ್ಥವಾಗಿಲ್ಲವೆಂದು ತಿಳಿದು ಮತ್ತೊಮ್ಮೆ ಹೇಳುತ್ತಾರೆ. ಪರದೆಯಲ್ಲಿ ಆ ಮುಖಗಳಿಲ್ಲ. ಡೇಟಾ ಉಳಿಸಲು ಕ್ಯಾಮೆರಾ ಬಂದ್, ಮನೆಯ ಸದ್ದು ಕೇಳದಿರಲೆಂದು ಮೈಕ್ ಮ್ಯೂಟ್. ತರಗತಿಯಲ್ಲೇ ಎದ್ದು ನಿಂತು ಡೌಟ್ ಕೇಳಲು ಸಂಕೋಚಪಡುವ ಹಳ್ಳಿಯ ಹುಡುಗಿ, ಇಡೀ ತರಗತಿಗೆ ತನ್ನ ದನಿಯೊಂದೇ ಕೇಳುವ ಹೊತ್ತಿನಲ್ಲಿ ಬಾಯಿ ಬಿಡುವುದು ಇನ್ನೂ ಕಷ್ಟ. ಸಂಶೋಧಕರ ಅಳತೆಗೋಲಿನಲ್ಲಿ ಇಲ್ಲಿ ಬೇಕಾದ ಧೈರ್ಯಕ್ಕೆ ಆನ್‌ಲೈನ್ ಸಂವಹನದ ಆತ್ಮವಿಶ್ವಾಸ ಎಂಬ ಹೆಸರಿದೆ.

ಆದರೆ ಇದೇ ಸಂಕೋಚ ಇನ್ನೊಂದು ದಿಕ್ಕಿನಲ್ಲಿ ಅನುಕೂಲವೂ ಆಗುತ್ತದೆ. ರೆಕಾರ್ಡ್ ಆದ ಪಾಠವನ್ನು ನಿಲ್ಲಿಸಿ, ಹಿಂದಕ್ಕೆ ಹೋಗಿ, ಯಾರ ಎದುರೂ ತಲೆ ತಗ್ಗಿಸದೆ ಮೂರು ಸಲ ಕೇಳಬಹುದು. ಭಾರತದ 307 ಕೃಷಿ ವಿದ್ಯಾರ್ಥಿಗಳನ್ನು ಕುರಿತು ಮುತ್ತುಪ್ರಸಾದ್ ಮತ್ತು ಸಂಗಡಿಗರು 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸುಮಾರು ಶೇಕಡ 70 ಮಂದಿ ಆನ್‌ಲೈನ್ ತರಗತಿಗೆ ಒಪ್ಪಿಗೆ ಸೂಚಿಸಿದ್ದರು. ಹೆಚ್ಚಿನವರ ಸಾಧನ ಸ್ಮಾರ್ಟ್‌ಫೋನ್. ಹಳ್ಳಿಯ ನೆಟ್‌ವರ್ಕ್ ಸಮಸ್ಯೆಯನ್ನೂ ಅವರೇ ಎತ್ತಿ ತೋರಿಸಿದ್ದರು.

ಚಾಮರಾಜನಗರದಂಥ ಕಡೆ ಯುವಜನರು ಒತ್ತಾಯವಿಲ್ಲದೆ ಆರಿಸಿಕೊಂಡ ಆನ್‌ಲೈನ್ ಕಲಿಕೆಯನ್ನು ನೋಡಬೇಕಾದರೆ ಪದವಿಯ ಪಠ್ಯಕ್ರಮವನ್ನು ಬಿಟ್ಟು ಸ್ಪರ್ಧಾತ್ಮಕ ಪರೀಕ್ಷೆಯ ಕಡೆಗೆ ತಿರುಗಬೇಕು. ಪೊಲೀಸ್ ಕಾನ್‌ಸ್ಟೆಬಲ್, ಎಫ್‌ಡಿಎ, ಪಿಡಿಒ, ಶಿಕ್ಷಕರ ನೇಮಕಾತಿ ಇವುಗಳಿಗೆ ತಯಾರಾಗುವವರು ಯೂಟ್ಯೂಬ್‌ನ ಕನ್ನಡ ಪಾಠಗಳನ್ನು ಗಂಟೆಗಟ್ಟಲೆ ನೋಡುತ್ತಾರೆ, ಟೆಲಿಗ್ರಾಂನಲ್ಲಿ ಪ್ರಶ್ನೆಪತ್ರಿಕೆ ಇಳಿಸಿಕೊಳ್ಳುತ್ತಾರೆ, ಝೆರಾಕ್ಸ್ ಅಂಗಡಿಯಲ್ಲಿ ಮುದ್ರಿಸಿ ಗುರುತು ಹಾಕಿ ಓದುತ್ತಾರೆ. ಶಿಕಾರಿಪುರದ ಸಾಧನ ಅಕಾಡೆಮಿಯಂಥ ಕನ್ನಡ ವಾಹಿನಿಗಳು ಹೆಸರು ಮಾಡಿದ್ದು ಹೀಗೆಯೇ. ಮೈಸೂರಿಗೋ ಧಾರವಾಡಕ್ಕೋ ಹೋಗಿ ಕೋಚಿಂಗ್ ಸೇರಲು ದುಡ್ಡಿಲ್ಲದವರಿಗೆ ಇದೇ ಕೋಚಿಂಗ್. ಸ್ವಂತ ಶಿಸ್ತಿಲ್ಲ, ಪರದೆಯಲ್ಲಿ ಗಮನ ನಿಲ್ಲುವುದಿಲ್ಲ ಎಂದು ಯಾರ ಬಗ್ಗೆ ದೂರುತ್ತೇವೋ ಅದೇ ಹುಡುಗ ಭಾರತದ ಸಂವಿಧಾನದ ಪಾಠವನ್ನು ರಾತ್ರಿ ಹನ್ನೊಂದರವರೆಗೆ ಫೋನಿನಲ್ಲಿ ಕೇಳುತ್ತಾನೆ. ಪಾಠ ಕನ್ನಡದಲ್ಲಿದೆ, ಬೇಕೆಂದ ಹೊತ್ತಿಗೆ ಸಿಗುತ್ತದೆ, ಓದಿನ ತುದಿಯಲ್ಲಿ ಒಂದು ಕೆಲಸದ ಆಸೆಯಿದೆ. ಆನ್‌ಲೈನ್ ಶಿಕ್ಷಣದ ಯೋಜನೆ ಬರೆಯುವವರು ಮೊದಲು ಗಮನಿಸಬೇಕಾದ ಸಾಕ್ಷ್ಯ ಇದು.

ಸರ್ಕಾರ ಕೊಟ್ಟದ್ದು

2017ರ ಜುಲೈ 9ರಂದು ಆರಂಭವಾದ ಕೇಂದ್ರದ ಸ್ವಯಂ ವೇದಿಕೆಯಲ್ಲಿ ಪಾಠ ಉಚಿತ, ಪ್ರಮಾಣಪತ್ರ ಬೇಕಾದರೆ ಪರೀಕ್ಷಾ ಶುಲ್ಕ. ಒಂದು ಸೆಮಿಸ್ಟರಿನ ಪಠ್ಯದ ಶೇಕಡ 40ರವರೆಗೆ ಇದರ ಮೂಲಕ ಕಲಿಯಲು ಯುಜಿಸಿ 2021ರಲ್ಲಿ ಅವಕಾಶ ಕೊಟ್ಟಿತು. ಕೋರ್ಸುಗಳು ಬಹುಮಟ್ಟಿಗೆ ಇಂಗ್ಲಿಷಿನವು. ರಾಜ್ಯ ಸರ್ಕಾರ 2020ರ ಕೊನೆಯಲ್ಲಿ ನಾನೂರಕ್ಕೂ ಹೆಚ್ಚು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿಗಾಗಿ ಕರ್ನಾಟಕ ಎಲ್‌ಎಂಎಸ್ ಎಂಬ ಕಲಿಕಾ ವ್ಯವಸ್ಥೆ ತಂದಿತು. 2021ರ ಜೂನ್‌ನಲ್ಲಿ ಸರ್ಕಾರಿ ಪದವಿ, ಎಂಜಿನಿಯರಿಂಗ್, ಪಾಲಿಟೆಕ್ನಿಕ್ ಕಾಲೇಜುಗಳ ಸುಮಾರು 1.55 ಲಕ್ಷ ವಿದ್ಯಾರ್ಥಿಗಳಿಗೆ ಟ್ಯಾಬ್ ವಿತರಣೆಗೆ ಚಾಲನೆ ಸಿಕ್ಕಿತು. ಒಳ್ಳೆಯ ಕೆಲಸ, ಆದರೆ ಅಷ್ಟರಲ್ಲಿ ಮೊದಲ ಲಾಕ್‌ಡೌನ್ ಆಗಿ ಹದಿನೈದು ತಿಂಗಳಾಗಿತ್ತು.

2021–22ರಲ್ಲಿ ಹೊಸ ಶಿಕ್ಷಣ ನೀತಿಯೊಂದಿಗೆ ಡಿಜಿಟಲ್ ಫ್ಲುಯೆನ್ಸಿ ಎಂಬ ವಿಷಯ ಪದವಿ ತರಗತಿಗೆ ಬಂತು. ಕೃತಕ ಬುದ್ಧಿಮತ್ತೆ, ಬಿಗ್ ಡೇಟಾ, ಕ್ಲೌಡ್, ಸೈಬರ್ ಭದ್ರತೆ ಎಲ್ಲವೂ ಅದರಲ್ಲಿದ್ದವು. ಇಮೇಲ್‌ಗೆ ಕಡತ ಲಗತ್ತಿಸಿ ಕಳಿಸಿ ಅಭ್ಯಾಸವಿಲ್ಲದ ವಿದ್ಯಾರ್ಥಿಗೆ ಇದು ಮೇಲಿನ ಮೆಟ್ಟಿಲಿನಿಂದ ಶುರುವಾದ ಪಾಠ. 2024–25ರಿಂದ ರಾಜ್ಯ ಮೂರು ವರ್ಷದ ಪದವಿಗೆ ಮರಳಿ, ಆ ನೀತಿಯ ಪಠ್ಯಕ್ರಮವನ್ನು ಕೈಬಿಟ್ಟಿತು.

ಇವೆಲ್ಲಕ್ಕಿಂತ ಹೆಚ್ಚಾಗಿ ವಿದ್ಯಾರ್ಥಿಗಳಿಗೆ ಆನ್‌ಲೈನ್ ಜಗತ್ತನ್ನು ಪರಿಚಯಿಸಿದ್ದು ಅರ್ಜಿಗಳು. ಪ್ರವೇಶ, ಪರೀಕ್ಷಾ ನೋಂದಣಿ, ಫಲಿತಾಂಶ ಯುಯುಸಿಎಂಎಸ್ ಎಂಬ ಏಕೀಕೃತ ತಂತ್ರಾಂಶದಲ್ಲಿ. ವಿದ್ಯಾರ್ಥಿವೇತನ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ. ಆಧಾರ್, ಜಾತಿ ಆದಾಯ ಪ್ರಮಾಣಪತ್ರದ ಸಂಖ್ಯೆ, ಅಪ್ಪನ ಫೋನಿಗೆ ಬರುವ ಒಟಿಪಿ, ಕೈಕೊಡುವ ಸರ್ವರ್. ಗುಂಡ್ಲುಪೇಟೆ, ಚಾಮರಾಜನಗರದ ಬಸ್ ನಿಲ್ದಾಣಗಳ ಸುತ್ತಲ ಸೈಬರ್ ಸೆಂಟರುಗಳಲ್ಲಿ ದುಡ್ಡು ಕೊಟ್ಟು ಬೇರೆಯವರ ಕೈಯಲ್ಲಿ ತುಂಬಿಸಿಕೊಳ್ಳುವ ಈ ಅರ್ಜಿಗಳನ್ನು ತಾವೇ ತುಂಬಲು ಕಾಲೇಜಿನಲ್ಲಿ ಕಲಿಸಿದರೆ ಅದೇ ಮೊದಲ ಡಿಜಿಟಲ್ ಪಾಠವಾದೀತು.

ಬೋಧಕರ ಸಿದ್ಧತೆಯ ಬಗ್ಗೆಯೂ ಒಂದು ಮಾತು. ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳು ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರ ಮೇಲೆ ನಿಂತಿವೆ. ಲಾಕ್‌ಡೌನಿನಲ್ಲಿ ಗೌರವಧನವಿಲ್ಲದ ತಿಂಗಳುಗಳನ್ನು ಕಂಡ ಅವರು ಸೇವಾಭದ್ರತೆಗಾಗಿ ಮತ್ತೆ ಮತ್ತೆ ಮುಷ್ಕರ ಹೂಡಿದ್ದಾರೆ. ತಮ್ಮ ಫೋನು, ತಮ್ಮ ರೀಚಾರ್ಜ್‌ನಲ್ಲಿ ಪಾಠ ಮಾಡಿದವರಿಗೆ ತರಬೇತಿಯ ಜೊತೆಗೆ ಸಂಬಳದ ಖಾತರಿಯೂ ಬೇಕು.

ಪೋಡು, ಹಾಡಿ ಮತ್ತು ಟವರು

ಜಿಲ್ಲೆಯೊಳಗೂ ಎಲ್ಲ ವಿದ್ಯಾರ್ಥಿಗಳ ಸ್ಥಿತಿ ಒಂದೇ ಅಲ್ಲ. ಚಾಮರಾಜನಗರ ಪಟ್ಟಣದ ಎಂಜಿನಿಯರಿಂಗ್ ವಿದ್ಯಾರ್ಥಿಗೂ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು ನೆಲೆಸಿರುವ ಪೋಡಿನಿಂದ ಅಥವಾ ಬಂಡೀಪುರದ ಅಂಚಿನ ಗಿರಿಜನರ ಹಾಡಿಯಿಂದ ಬಂದ ಪದವಿ ವಿದ್ಯಾರ್ಥಿಗೂ ನಡುವಿನ ಅಂತರ ಬಹಳ ದೊಡ್ಡದು. ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ 1981ರಲ್ಲಿ ಸ್ಥಾಪಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದ ಶಾಲೆಯಿಂದ ಸೋಲಿಗ ಮಕ್ಕಳು ಕಾಲೇಜಿನವರೆಗೆ ಬಂದಿದ್ದಾರೆ. ಅವರಿಗೆ ಹಾಸ್ಟೆಲ್ಲೇ ಓದಿನ ಮನೆ. 2020ರಲ್ಲಿ ಹಾಸ್ಟೆಲ್ ಮುಚ್ಚಿ ಊರಿಗೆ ಮರಳಿದವರಿಗೆ ಸಿಗ್ನಲ್ ಹುಡುಕುವುದೆಂದರೆ ಆನೆ ಓಡಾಡುವ ದಾರಿಯಲ್ಲಿ ಎತ್ತರದ ಜಾಗಕ್ಕೆ ನಡೆದು ಹೋಗುವುದು. ಕತ್ತಲಾದ ಮೇಲೆ ಅದೂ ಇಲ್ಲ. ಮಲೆಮಹದೇಶ್ವರ ಬೆಟ್ಟದ ಸುತ್ತಲಿನ ಕೆಲವು ಊರುಗಳಿಗೆ ರಸ್ತೆಯೇ ಸರಿಯಿಲ್ಲ. 2024ರ ಲೋಕಸಭಾ ಚುನಾವಣೆಯಲ್ಲಿ ಮೂಲಸೌಕರ್ಯವಿಲ್ಲದ ಸಿಟ್ಟು ಅಲ್ಲಿನ ಇಂಡಿಗನತ್ತ ಗ್ರಾಮದಲ್ಲಿ ಮತಗಟ್ಟೆಯ ಧ್ವಂಸದವರೆಗೆ ಹೋಗಿ ಏಪ್ರಿಲ್ 29ರಂದು ಮರುಮತದಾನ ನಡೆಯಿತು.

ಸಂರಕ್ಷಿತ ಅರಣ್ಯದೊಳಗೆ ಟವರ್ ನಿಲ್ಲಿಸಲು, ಕೇಬಲ್ ಎಳೆಯಲು ಅರಣ್ಯ ಕಾನೂನಿನ ಅನುಮತಿ ಬೇಕು. ಕಾಡು ಉಳಿಯಬೇಕೆಂಬ ಕಾಳಜಿ ಸರಿಯಾದದ್ದೇ. ಆ ಕಾಡಿನಲ್ಲಿ ತಲೆಮಾರುಗಳಿಂದ ಬದುಕಿದವರ ಮಕ್ಕಳ ಓದೂ ಅದೇ ಕಡತದಲ್ಲಿ ಲೆಕ್ಕಕ್ಕೆ ಬರಬೇಕು. ಸಂಪರ್ಕವಿಲ್ಲದ 24,680 ಹಳ್ಳಿಗಳಿಗೆ 4ಜಿ ಕೊಡುವ 26,316 ಕೋಟಿ ರೂಪಾಯಿಯ ಯೋಜನೆಗೆ ಕೇಂದ್ರ ಸಂಪುಟ 2022ರ ಜುಲೈನಲ್ಲಿ ಒಪ್ಪಿಗೆ ಕೊಟ್ಟು, ಕೆಲಸವನ್ನು ಬಿಎಸ್‌ಎನ್‌ಎಲ್‌ಗೆ ವಹಿಸಿದೆ. ರಾಜ್ಯದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಅರಿವು ಕೇಂದ್ರಗಳಾಗಿ ಬದಲಾಗಿ, ಕಂಪ್ಯೂಟರ್ ಮತ್ತು ಇಂಟರ್ನೆಟ್ ಪಡೆಯುತ್ತಿವೆ. ಮನೆಯಲ್ಲಿ ಜಾಗವಿಲ್ಲದ, ಡೇಟಾ ಸಾಲದ ವಿದ್ಯಾರ್ಥಿಗೆ ಊರಲ್ಲೇ ಒಂದು ಕುರ್ಚಿ, ಒಂದು ದೊಡ್ಡ ಪರದೆ ಸಿಗುವ ವ್ಯವಸ್ಥೆ ಇದು. ಆದರೆ ಕಾಲೇಜಿಗೆ ಹೋದವರು ಊರಿಗೆ ಮರಳುವುದು ಸಂಜೆಯ ಬಸ್ಸಿನಲ್ಲಿ. ಆ ಹೊತ್ತಿಗೆ ಕೇಂದ್ರದ ಬಾಗಿಲು ತೆರೆದಿದ್ದರೆ ಮಾತ್ರ ಆ ಕುರ್ಚಿ ಅವರ ಪಾಲಿಗೆ ಬರುತ್ತದೆ.